ಸತ್ತವನು ಎದ್ದು ಬಂದ ಕಥೆಗೊಂದು ತಿದ್ದುಪಡಿ

ನಮ್ಮ ಚರ್ಚಿನ ವಜ್ರ ಮಹೋತ್ಸವದ ಸಂಚಿಕೆಗಾಗಿ ನನ್ನ ಬದುಕನ್ನು ಬೇರೊಬ್ಬರು ಬರೆದರು. ಬರೆದವರು ಚಾಮರಾಜನಗರದ ಒಬ್ಬ ನಿವೃತ್ತ ಉಪಾಧ್ಯಾಯರು. ಸಜ್ಜನರು. ಎರಡು ಸಂಜೆ ಚಂದಕವಾಡಿಯ ನಮ್ಮ ಮನೆಗೆ ಬಂದು, ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿಸಿಕೊಂಡರು. ಆಮೇಲೆ ಹೋಗಿ ತಾವು ಮೊದಲೇ ಕೇಳಿದ್ದ ಕಥೆಗಳನ್ನು ಬರೆದರು. ಪೂಜೆ ಮುಗಿದ ಮೇಲೆ ಫಾದರ್ ಆ ಎರಡು ಪುಟಗಳನ್ನು ನನ್ನ ಕೈಗಿತ್ತು, ತಪ್ಪೇನಾದರೂ ಇದ್ದರೆ ಗುರುತು ಹಾಕಿಕೊಡಿ ಎಂದರು. ಚರ್ಚಿನ ಅಂಗಳದ ಬೇವಿನ ಮರದ ಕೆಳಗೆ ಕುಳಿತು ಓದಿದೆ. ಓದಿ ಮುಗಿಸುವ ಹೊತ್ತಿಗೆ ನನ್ನ ಪರಿಚಯ ನನಗೇ ಸಿಗದಂತಾಗಿತ್ತು.

ನಾನು ಶಾಲೆ ಕಂಡದ್ದು ನಾಲ್ಕನೆಯ ತರಗತಿಯವರೆಗೆ, ಬೇಗೂರಿನ ಬಳಿಯ ನಮ್ಮ ಹಳ್ಳಿಯಲ್ಲಿ. ಉಳಿದದ್ದನ್ನು ಸೈನ್ಯದ ಬ್ಯಾರಕ್ಕಿನಲ್ಲಿ, ಸಾಮಾನು ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳನ್ನು ಬಿಡಿಸಿ ಓದುತ್ತ ಕಲಿತೆ. ನಾನಿದ್ದ ಒಂದು ಗುಡ್ಡದ ಮೇಲೆ ನಡೆದ ಕದನದ ಸುದ್ದಿ ಎರಡು ಪತ್ರಿಕೆಗಳಲ್ಲಿ ಎರಡು ಬಗೆಯಾಗಿ ಬಂದಿತ್ತು. ನಾನು ಅಲ್ಲಿ ಕಂಡದ್ದು ಮೂರನೆಯ ಬಗೆ. ಅಂದಿನಿಂದ, ಅಚ್ಚಾದದ್ದನ್ನು ನಂಬುವ ಮೊದಲು ಬರೆದವನು ಎಲ್ಲಿ ನಿಂತಿದ್ದ ಎಂದು ಕೇಳುವುದು ನನ್ನ ಅಭ್ಯಾಸ. ಇದರಿಂದ ನನಗೆ ಗೆಳೆಯರು ಕಡಿಮೆ. ನನ್ನ ಹೆಂಡತಿ ಬದುಕಿದ್ದಾಗ ಇದನ್ನು ಹಠ ಎಂದೇ ಕರೆಯುತ್ತಿದ್ದಳು.

ಉಪಾಧ್ಯಾಯರ ಪ್ರಕಾರ ನಾನು ಗಡಿಯಲ್ಲಿ ಶತ್ರುವಿಗೆ ಎದೆಯೊಡ್ಡಿದ ಯೋಧ. ವಾಸ್ತವದಲ್ಲಿ ನಾನು ಹೇಸರಗತ್ತೆಗಳ ದಳದವನು. ಎತ್ತರದ ಠಾಣೆಗಳಿಗೆ ಹಿಟ್ಟು, ಬೇಳೆ, ಸೀಮೆಎಣ್ಣೆಗಳನ್ನು ಹೇರಿಕೊಂಡು ಹೋಗುವುದು, ಖಾಲಿ ಡಬ್ಬಗಳೊಡನೆ ಇಳಿಯುವುದು ನನ್ನ ಯುದ್ಧ. ಬಂದೂಕು ಬೆನ್ನಿಗಿತ್ತು, ಕದನದಲ್ಲಿ ಒಂದು ಗುಂಡನ್ನೂ ಹಾರಿಸಲಿಲ್ಲ. ಎಡ ಮೊಣಕಾಲಿನ ಗಾಯ ಶತ್ರುವಿನದೆಂದು ಬರೆದಿದ್ದರು. ಅದು ಒಂದು ಕಂದು ಬಣ್ಣದ ಹೇಸರಗತ್ತೆಯ ಹಿಂಗಾಲಿನದು. ಇನ್ನು, ಸೈನ್ಯ ಬಿಟ್ಟು ಟಪಾಲಿನವನಾದ ಮೇಲೆ ಚೀಲ ಹೊತ್ತು ಹೋಗುವಾಗ ಒಂಟಿ ಸಲಗ ನನ್ನನ್ನು ಕಂಡು ಸೊಂಡಿಲೆತ್ತಿ ದಾರಿ ಬಿಟ್ಟಿತೆಂದು ಇನ್ನೊಂದು ಕಡೆ ಇತ್ತು. ಆನೆ ನನ್ನ ಕಡೆ ನೋಡಲೇ ಇಲ್ಲ. ನಾನು ಮತ್ತಿಮರದ ಹಿಂದೆ ನಿಂತು ಖಾಕಿ ಚಡ್ಡಿಯನ್ನು ಒದ್ದೆ ಮಾಡಿಕೊಂಡಿದ್ದೆ.

ಈ ಎರಡನ್ನೂ ಪೆನ್ಸಿಲಿನಿಂದ ಹೊಡೆದುಹಾಕಿದೆ. ಫಾದರ್ ಮಂಗಳೂರಿನ ಕಡೆಯ ಯುವಕರು, ನಗುತ್ತಲೇ ಒಪ್ಪಿಕೊಂಡರು. ಆದರೆ ಕೊನೆಯ ಪ್ಯಾರಾಕ್ಕೆ ಬಂದಾಗ ಅವರ ನಗು ನಿಂತಿತು. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಹಳ್ಳಿಯೊಂದರಲ್ಲಿ ಹೆಂಗಸೊಬ್ಬಳ ಗಂಡನ ಸಾವಿನ ಸುದ್ದಿ ಬಂದು ಮನೆಯವರು ಗೋಳಾಡುತ್ತಿರಲು, ಟಪಾಲಿನವನಾದ ನಾನು ಯೇಸು ಸಾವಿನಿಂದ ಎದ್ದ ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಪೂಜೆಯಲ್ಲಿ ಆತನಿಗಾಗಿ ಮೊರೆಯಿಟ್ಟೆನಂತೆ. ಮೂರನೆಯ ದಿನ ಆತ ಜೀವಂತವಾಗಿ ಊರಿಗೆ ಬಂದನಂತೆ. ಸಂಚಿಕೆಯ ತಲೆಬರಹಕ್ಕೆ ಯೋಗ್ಯವಾದದ್ದು ಇದೊಂದೇ ಎಂದು ಫಾದರ್ ಎಣಿಸಿದ್ದರು. ಮೂರನೆಯ ದಿನವಲ್ಲ, ಆತ ಬಂದದ್ದು ಗುರುವಾರ, ಶನಿವಾರದಿಂದ ಎಣಿಸಿದರೆ ಆರನೆಯ ದಿನ ಎಂದೆ. ದಿನ ಸರಿಪಡಿಸೋಣ ಎಂದರು. ದಿನ ಮಾತ್ರವಲ್ಲ ಎಂದೆ. ಆ ಮನೆಯಲ್ಲಿ ಅಂದು ಬಳೆ ಒಡೆಸಿಕೊಂಡ ಹೆಂಗಸು ಈಗಲೂ ಇದ್ದಾಳೆ; ಅವಳಿಗೆ ಹೇಳಬೇಕಾದದ್ದನ್ನು ಐವತ್ತು ವರ್ಷದಿಂದ ಹೇಳಿಲ್ಲ; ಅದನ್ನು ಹೇಳಿ ಬರುವವರೆಗೆ ಈ ಪ್ಯಾರಾ ಅಚ್ಚಾಗಕೂಡದು ಎಂದು ಕೇಳಿಕೊಂಡೆ. ಅವರು ಒಂದು ವಾರ ಕೊಟ್ಟರು.

ಆ ಹೆಂಗಸಿಗೆ ಏನು ಹೇಳಬೇಕಿತ್ತೆಂಬುದು ತಿಳಿಯಬೇಕಾದರೆ ಆಗಿನ ಒಂದು ರೂಢಿಯನ್ನು ತಿಳಿಸಬೇಕು. ಮದುವೆಯ, ಒಸಗೆಯ ಕಾಗದಗಳ ನಾಲ್ಕೂ ಮೂಲೆಗೆ ಅರಿಶಿನ ಹಚ್ಚುವುದು ಇಂದಿಗೂ ಇದೆ. ಸಾವಿನ ಕಾರ್ಡಾದರೆ ಬರೆದವರು ಒಂದು ಮೂಲೆಯನ್ನು ಹರಿದು ಕಳಿಸುತ್ತಿದ್ದರು. ಓದಲು ಬಾರದವರಿಗೆ ಆ ಮೂಲೆಯೇ ಸುದ್ದಿ. ಅಂಥ ಕಾರ್ಡನ್ನು ಹೊಸಿಲು ದಾಟಿಸುವಂತಿಲ್ಲ. ಹೊರಗೆ ಸೂರಿನ ಬಿದಿರು ಗಳುವಿಗೆ ಸಿಕ್ಕಿಸಿ ಬರಬೇಕು. ಮನೆಯವರು ವಿಷಯ ತಿಳಿದೊಡನೆ ಅದನ್ನು ಸುಟ್ಟು ಸ್ನಾನ ಮಾಡುತ್ತಿದ್ದರು. ಸಾದಾ ಕಾಗದವಾದರೆ ಬಾಗಿಲ ಪಕ್ಕದ ಗೂಡಿನಲ್ಲಿಡುವುದು. ಇದನ್ನೆಲ್ಲ ನನಗೆ ಯಾರೂ ಕಲಿಸಬೇಕಿರಲಿಲ್ಲ. ಗುಂಡ್ಲುಪೇಟೆಯಿಂದ ಚೀಲ ಹೊತ್ತು ಆ ಕಡೆಯ ಹಳ್ಳಿಗಳನ್ನು ಸುತ್ತುವ ಕೆಲಸಕ್ಕೆ ಸೇರಿ ಆಗಲೇ ಎರಡು ವರ್ಷವಾಗಿತ್ತು.

ಅದು ಪಾಸ್ಕದ ಹಿಂದಿನ ದಿನ, ಶನಿವಾರ. ಮಾವಿನ ಕಾಯಿಯ ಕಾಲದ ಮಳೆಯೊಂದು ಮಧ್ಯಾಹ್ನ ಜೋರಾಗಿ ಹೊಡೆದು ಚೀಲದೊಳಕ್ಕೂ ನೀರಿಳಿದಿತ್ತು. ಹುಣಸೆ ಮರವೊಂದರ ಕೆಳಗೆ ನಿಂತು ಕಾಗದಗಳನ್ನು ಬಿಡಿಸುತ್ತಿದ್ದಾಗ ಎರಡು ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಳೆದೆ. ಒಂದರ ಮೂಲೆ ಕಿತ್ತು ಇನ್ನೊಂದಕ್ಕೆ ಅಂಟಿಯೇ ಉಳಿಯಿತು. ಮೂಲೆ ಕಳೆದುಕೊಂಡ ಕಾರ್ಡು ವಯನಾಡಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದ ಒಬ್ಬನ ಮನೆಗೆ ಬಂದದ್ದು. ಕೈಯಲ್ಲೇ ಕೊಟ್ಟು, ಇದು ಅಂಥ ಕಾಗದವಲ್ಲ, ಮಳೆಗೆ ಕಿತ್ತದ್ದು ಎಂದು ಹೇಳಿದರಾಯಿತು ಎಂದುಕೊಂಡೆ. ಒಳಗಿನ ಬರಹವನ್ನು ಓದಲಿಲ್ಲ. ಕೇಳಿದ ಹೊರತು ಪರರ ಕಾಗದ ಓದಬಾರದೆಂಬುದು ನಾನು ಸೈನ್ಯದಿಂದ ತಂದುಕೊಂಡ ವ್ರತ. ಕಾರ್ಡು ಬಿಚ್ಚುಮುಖದ್ದಾದರೂ ಕಣ್ಣನ್ನು ವಿಳಾಸದಿಂದ ಆಚೆ ಹರಿಯಗೊಡುತ್ತಿರಲಿಲ್ಲ. ಆ ವ್ರತದ ಬಗ್ಗೆ ನನಗೆ ಹೆಮ್ಮೆಯಿತ್ತು.

ಮನೆಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಹೊಲದಲ್ಲಿದ್ದರು, ಹೊಲ ಒಂದು ಮೈಲಿ ದೂರ. ಚಾಮರಾಜನಗರಕ್ಕೆ ಹೋಗುವ ಕೊನೆಯ ಬಸ್ಸು ಹಿಡಿಯಲು ನಾನು ಗುಂಡ್ಲುಪೇಟೆ ಮುಟ್ಟಬೇಕಿತ್ತು. ಹೆಂಡತಿ ಮಗಳೊಡನೆ ಚಾಮರಾಜನಗರದ ತನ್ನ ತವರಿನಲ್ಲಿದ್ದಳು. ಸೈನ್ಯದಲ್ಲಿದ್ದಷ್ಟು ವರ್ಷವೂ ಒಂದು ಪಾಸ್ಕದ ಪೂಜೆಯನ್ನೂ ಅವಳ ಜೊತೆ ಕಂಡಿರಲಿಲ್ಲ. ಬಿಟ್ಟು ಬಂದ ಮೇಲೆ ಒಂದನ್ನೂ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಬಾಗಿಲ ಪಕ್ಕದ ಗೂಡಿನಲ್ಲಿ ಮಳೆನೀರು ನಿಂತಿತ್ತು. ಒಣಗಿದ ಜಾಗ ಸೂರು ಮಾತ್ರ. ಕಾರ್ಡನ್ನು ಗಳುವಿಗೆ ಸಿಕ್ಕಿಸಿ ಓಡಿದೆ. ಮೂಲೆ ಹರಿದ ಕಾರ್ಡು, ಸೂರಿನಲ್ಲಿ. ಆ ಊರಿನ ಕೂಸು ಕೂಡ ಮಾಡದ ತಪ್ಪು.

ಸೋಮವಾರ ಮತ್ತೆ ಹೋದಾಗ ಜಗುಲಿಯ ತುಂಬ ಜನ. ಕಾರ್ಡು ಶನಿವಾರವೇ ಸುಟ್ಟು ಬೂದಿಯಾಗಿತ್ತು. ಓದಿಸುವ ಗೊಡವೆಗೆ ಯಾರೂ ಹೋಗಿರಲಿಲ್ಲ. ಓದಬಲ್ಲ ಮೇಷ್ಟ್ರು ರಜೆಗೆ ಊರಿಗೆ ಹೋಗಿದ್ದರು, ಓದಿಸಲು ಅದರಲ್ಲಿ ಇನ್ನೇನು ತಾನೆ ಇದ್ದೀತು ಎಂಬುದು ಹಿರಿಯರ ತೀರ್ಮಾನ. ಹೆಣ ತರಲು ಇಬ್ಬರು ವಯನಾಡಿಗೆ ಹೊರಟುಹೋಗಿದ್ದರು. ಅತ್ತೆ ಶನಿವಾರ ಸಂಜೆಯೇ ಸೊಸೆಯ ಬಳೆ ಒಡೆಸಿ ತಾಳಿ ತೆಗೆಸಿದ್ದಳು. ಆ ಸೊಸೆಗೆ ಇಪ್ಪತ್ತೆರಡು ಇದ್ದೀತು. ಕಂಬಕ್ಕೆ ಒರಗಿ ಕುಳಿತು ನನ್ನ ಕಡೆ ನೋಡಿದಳು. ಕಾರ್ಡಿನಲ್ಲಿ ಏನಿತ್ತೋ ನನಗೂ ಗೊತ್ತಿರಲಿಲ್ಲ. ಆದರೆ ಮೂಲೆ ಹೇಗೆ ಹರಿಯಿತೆಂಬುದು ಗೊತ್ತಿತ್ತು. ಅಷ್ಟು ಹೇಳಿದ್ದರೆ ಸಾಕಿತ್ತು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ದೂರು ಹೋದರೆ ಚೀಲ ಕಿತ್ತುಕೊಳ್ಳುತ್ತಾರೆಂಬ ಭಯ ನಾಲಿಗೆಯನ್ನು ಹಿಡಿಯಿತು. ಏನಾದರೂ ಹೇಳಲೇಬೇಕೆಂದು, ಚರ್ಚಿನಲ್ಲಿ ಬೇಡಿಕೊಂಡಿದ್ದೇನೆ ಎಂದುಬಿಟ್ಟೆ. ಅದು ಸುಳ್ಳು. ಭಾನುವಾರ ನನಗೆ ಈ ವಿಷಯವೇ ತಿಳಿದಿರಲಿಲ್ಲ. ಸಂಚಿಕೆಯ ಪವಾಡ ಹುಟ್ಟಿದ್ದು ಆ ಒಂದು ವಾಕ್ಯದಿಂದ.

ಗುರುವಾರ ಗಂಡ ಹೆಗಲಿಗೆ ಗಂಟು ಹಾಕಿಕೊಂಡು ನಡೆದು ಬಂದ. ಹೆಣ ತರಲು ಹೋದವರು ಒಂದು ದಾರಿ, ಆತ ಇನ್ನೊಂದು ದಾರಿ. ಊರ ಹೊರಗೇ ತಡೆದು, ತಲೆಗೆ ನೀರು ಹೊಯ್ದು, ಗುಡಿಯ ಮುಂದೆ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟಿಸಿ ಒಳಗೆ ಬಿಟ್ಟರು. ಮುಂದಿನ ವಾರ ಬರುತ್ತೇನೆಂದು ತೋಟದ ರೈಟರ ಕೈಯಲ್ಲಿ ಬರೆಸಿದ್ದೆ, ಮೂಲೆಗೀಲೆ ಹರಿಯಲಿಲ್ಲ ಎಂದು ಆತ ಹೇಳಿದಾಗ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: ಹಾಗಾದರೆ ಹರಿದವರು ಯಾರು? ಸೂರಿನಿಂದ ಕಾರ್ಡನ್ನು ಮೊದಲು ಎಳೆದುಕೊಂಡವಳು ಸೊಸೆ. ಅವಳೇ ಹರಿದಳು, ತನ್ನ ತಾಳಿಯನ್ನು ತಾನೇ ಹರಿದುಕೊಂಡಳು ಎಂದು ಅತ್ತೆ ತೀರ್ಪು ಕೊಟ್ಟಳು. ಶುಕ್ರವಾರ ಇದನ್ನು ನನಗೆ ವರ್ಣಿಸಿ ಹೇಳಿದರು. ಆಗಲೂ ಸುಮ್ಮನಿದ್ದೆ. ಮುಂದಿನ ಪಾಪನಿವೇದನೆಯಲ್ಲಿ ಅಂದಿನ ವೃದ್ಧ ಗುರುಗಳಿಗೆ ಹೇಳಿಕೊಂಡೆ. ಮೂರು ಪ್ರಾರ್ಥನೆ ವಿಧಿಸಿ, ಆ ಮನೆಗೂ ಹೋಗಿ ಹೇಳು ಎಂದರು. ಪ್ರಾರ್ಥನೆಗಳನ್ನು ಅಂದೇ ಮುಗಿಸಿದೆ.

ಅತ್ತೆ ತೀರಿಕೊಂಡ ಸುದ್ದಿ ಮುಟ್ಟಿದಾಗ ಆ ಅಪವಾದವೂ ಅವಳೊಡನೆ ಹೋಯಿತೆಂದು ನಾನೇ ತೀರ್ಮಾನಿಸಿಕೊಂಡೆ. ಇತರರ ಮಾತನ್ನು ಪರೀಕ್ಷಿಸದೆ ಒಪ್ಪದ ನಾನು ನನ್ನ ಈ ಮಾತನ್ನು ಎಂದೂ ಪರೀಕ್ಷಿಸಲಿಲ್ಲ.

ಫಾದರ್ ಕೊಟ್ಟ ವಾರದ ಬುಧವಾರ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಆಟೋ ಹಿಡಿದೆ. ಬೆಟ್ಟಕ್ಕೆ ಹೋಗುವವರ ಕಾರುಗಳ ಸಾಲು ನಾನು ಸೈಕಲ್ ತಳ್ಳುತ್ತಿದ್ದ ದಾರಿಯಲ್ಲಿ ನಿಂತಿತ್ತು. ಆ ಮನೆಗೆ ಈಗ ತಾರಸಿ ಬಂದಿದೆ. ಜಗುಲಿ ಮಾತ್ರ ಅದೇ. ಜಗುಲಿಯ ಮೇಲೆ ಮೊಮ್ಮಗಳ ಮದುವೆಯ ಕರೆಯೋಲೆಗಳ ಕಟ್ಟುಗಳಿದ್ದವು. ಗಂಡನ ತಂಗಿ, ಅವಳೂ ಎಪ್ಪತ್ತರ ಹತ್ತಿರದ ಮುತ್ತೈದೆ, ಅರಿಶಿನದ ಬಟ್ಟಲಿಟ್ಟುಕೊಂಡು ಒಂದೊಂದು ಓಲೆಯ ಮೂಲೆಗೂ ಬೆರಳು ಒತ್ತುತ್ತಿದ್ದಳು. ಮನೆಯ ಯಜಮಾನಿ, ಅಂದಿನ ಆ ಸೊಸೆ, ಅಷ್ಟು ದೂರದಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಗಂಡ ನನ್ನನ್ನು ಕಂಡು ಒಳಗಿನಿಂದಲೇ ನಗುತ್ತ ಬಂದ. ಆತನಿಗೆ ಎಂಬತ್ತಾದರೂ ನನಗಿಂತ ಗಟ್ಟಿ.

"ಬಾಪ್ಪ ಟಪಾಲಣ್ಣ. ಇವತ್ತು ಯಾರ್‍ನ ಸಾಯ್ಸಕೆ ಬಂದೆ?"

ಇದು ಆತನ ಹಳೆಯ ತಮಾಷೆ. ಎಂದಿನಂತೆ ನಕ್ಕೆ. ಸಂಚಿಕೆಯ ವಿಷಯ ಹೇಳಿದಾಗ ಹಿಗ್ಗಿ, ತನ್ನ ಫೋಟೋವನ್ನೂ ಹಾಕಿಸಬೇಕೆಂದ. ಸತ್ತು ಬದುಕಿದವನು ಈ ತಾಲೂಕಿನಲ್ಲಿ ತಾನೊಬ್ಬನೇ ಎಂಬುದು ಆತನ ವಾದ. ನಾನು ಮಾತು ಮರೆಸಲು, ಮನೆಯ ಹಿರಿಯ ಮುತ್ತೈದೆ ಇರುವಾಗ ಅರಿಶಿನ ಹಚ್ಚುವ ಕೆಲಸ ನಾದಿನಿಗೇಕೆ ಬಂತೆಂದು ಕೇಳಿದೆ. ನಾದಿನಿ ತಲೆಯೆತ್ತಲಿಲ್ಲ.

"ಅವಳ್ ಕೈಗೆ ಕಾಗ್ದ ಕೊಡಾದಾ? ಒಂದ್ ಸಲ ಕೊಟ್ಟು ನೋಡೀವಿ ಕಣಣ್ಣ."

ಗಂಡ ನಕ್ಕ. ಬಾಗಿಲಲ್ಲಿ ನಿಂತಿದ್ದ ಈಗಿನ ಸೊಸೆಯೊಬ್ಬಳೂ ನಕ್ಕಳು. ಅದು ಆ ಮನೆಯಲ್ಲಿ ಸವೆದ ಮಾತು. ಯಾರಿಗೂ ಅದರ ಮೊನೆ ತಾಕುತ್ತಿರಲಿಲ್ಲ. ಯಜಮಾನಿ ಬೀಜ ಬಿಡಿಸುತ್ತಲೇ ಇದ್ದಳು. ಮಗನ ಮದುವೆಯಲ್ಲಿ, ಮಗಳ ಮದುವೆಯಲ್ಲಿ, ಈಗ ಮೊಮ್ಮಗಳ ಮದುವೆಯಲ್ಲಿ ಆಕೆ ಹೀಗೆಯೇ ದೂರ ಕುಳಿತಿದ್ದಾಳೆಂಬುದು ಆ ಕ್ಷಣಕ್ಕೆ ನನಗೆ ಅರ್ಥವಾಯಿತು. ಒಂದು ಪ್ಯಾರಾ ಅಚ್ಚಾಗಬೇಕೋ ಬೇಡವೋ ಎಂದು ಕೇಳಲು ಬಂದವನಿಗೆ ಆ ಪ್ರಶ್ನೆಯೇ ನಾಚಿಕೆಯೆನಿಸಿತು.

ಆಕೆ ನೀರಿಗೆಂದು ಹಿತ್ತಲಿಗೆ ಹೋದಾಗ ಹಿಂದೆಯೇ ಹೋದೆ. ತೊಟ್ಟಿಯ ಬಳಿ ನಿಂತು ಎಲ್ಲವನ್ನೂ ಹೇಳಿದೆ: ಮಳೆ, ಅಂಟಿದ ಕಾರ್ಡು, ನೀರು ನಿಂತ ಗೂಡು, ಬಸ್ಸು. ಕೇಳುತ್ತ ಕೇಳುತ್ತ ಕೊಡ ತುಂಬಿ ಹೊರಚೆಲ್ಲಿತು. ಆಕೆ ನಲ್ಲಿ ನಿಲ್ಲಿಸಿ ಕೇಳಿದ್ದು ಇಷ್ಟೇ:

"ಸೋಮ್ವಾರ ಬಂದಿದ್ದಲ್ಲ, ಅವತ್ತು ಗೊತ್ತಿತ್ತಾ?"

"ಗೊತ್ತಿತ್ತು ಕಣವ್ವ."

"ನನ್ ಬರೀ ಕೈ ನೋಡ್ದೆ."

"ನೋಡ್ದೆ."

ಆಕೆ ಕೊಡವನ್ನು ಪಕ್ಕಕ್ಕಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ನಂಗ್ಯಾಕ್ ಯೋಳ್ತೀ? ನಾನ್ ಹರೀನಿಲ್ಲ ಅಂತ ನಂಗ್ ಗೊತ್ತಿಲ್ವಾ? ಅಲ್ಲಿ ಜಗ್ಲಿ ಮೇಲೆ ಕೂತವ್ಳಲ್ಲ, ಅವಳ್ಗ್ ಯೋಳು ಓಗು."

ಐವತ್ತು ವರ್ಷ ನಾನು ಹೆದರಿದ್ದು ಈ ಹೆಂಗಸಿಗೆ ಹೇಳಲು. ಹೇಳಬೇಕಾದ ಜಾಗ ಅದಲ್ಲವೆಂಬುದು ನನಗೆ ಹೊಳೆದೇ ಇರಲಿಲ್ಲ. ಜಗುಲಿಗೆ ಬಂದು, ನಿಂತುಕೊಂಡೇ, ನಾದಿನಿಗೂ ಗಂಡನಿಗೂ ಬಾಗಿಲಲ್ಲಿದ್ದವರಿಗೂ ಕೇಳುವಂತೆ ಮೊದಲಿನಿಂದ ಹೇಳಿದೆ. ಗಂಡನ ಮುಖ ಸಪ್ಪಗಾಯಿತು. ಹಾಗಾದರೆ ನಾನು ಸಾಯಲೇ ಇಲ್ಲವೇ ಎಂದು ಕೇಳಿದ. ಇಲ್ಲ ಎಂದೆ. ಚರ್ಚಿನ ಪ್ರಾರ್ಥನೆ? ಅದೂ ಇಲ್ಲ ಎಂದೆ. ನಾದಿನಿ ಮಾತ್ರ ಜಗ್ಗಲಿಲ್ಲ. ತನ್ನ ಅವ್ವ ಕಣ್ಣಾರೆ ಕಂಡಿದ್ದಳು, ಅವ್ವ ಸುಳ್ಳು ಹೇಳುವವಳಲ್ಲ ಎಂದಳು. ಅಲ್ಲಿ ನನ್ನ ಹಠ ಎದ್ದಿತು. ಅಂದು ನಿಮ್ಮವ್ವ ಹೊಲದಿಂದ ಬಂದದ್ದು ಸೊಸೆಯ ಮುಂದೆಯೋ ಹಿಂದೆಯೋ ಎಂದು ಕೇಳಿದೆ. ಹಿಂದೆ, ಮೇವಿನ ಹೊರೆ ಹೊತ್ತು, ತಾನೂ ಜೊತೆಗಿದ್ದೆ ಎಂದಳು. ಬಂದಾಗ ಏನು ಕಂಡಿರಿ? ಕಾರ್ಡು ಅತ್ತಿಗೆಯ ಕೈಯಲ್ಲಿತ್ತು, ಮೂಲೆ ಇರಲಿಲ್ಲ. ಹರಿಯುವುದನ್ನು ಕಂಡಿರಾ? ಅವಳು ಮತ್ತೆ ಅರಿಶಿನಕ್ಕೆ ಬೆರಳದ್ದಿದಳು. ಹರಿದಿದ್ದರೆ ಚೂರು ಅಂಗಳದಲ್ಲೇ ಬೀಳಬೇಕಿತ್ತಲ್ಲ, ಸಿಕ್ಕಿತೇ ಎಂದೆ.

ಅವಳ ಬೆರಳು ಅರಿಶಿನದ ಬಟ್ಟಲಲ್ಲೇ ನಿಂತಿತು.

"ಹುಡುಕ್ದೊ. ಸಿಕ್ನಿಲ್ಲ. ಕೋಳಿ ನುಂಗಿರ್ಬೇಕು ಅಂದ್ಲು ಅವ್ವ."

ಬಾಗಿಲಲ್ಲಿದ್ದ ಸೊಸೆ ಮುಖ ತಿರುಗಿಸಿ ನಕ್ಕಳು. ಈ ಸಲದ ನಗು ಬೇರೆಯದು. ಚೂರು ಕೋಳಿಯ ಹೊಟ್ಟೆಯಲ್ಲಿರಲಿಲ್ಲ, ಇನ್ನೊಂದು ಕಾರ್ಡಿಗೆ ಅಂಟಿಕೊಂಡು ಅಂದೇ ನನ್ನ ದಾರಿಯ ಮುಂದಿನ ಊರಿಗೆ ಹೋಯಿತು, ಅಲ್ಲಿಯ ಅಂಗಡಿಯವನು ಅದನ್ನು ಉಗುರಿನಿಂದ ಕೆರೆದು ತೆಗೆದದ್ದನ್ನು ನಾನೇ ಕಂಡೆ ಎಂದು ಹೇಳಿದೆ. ನಾದಿನಿ ಕೈಯಲ್ಲಿದ್ದ ಓಲೆಯ ಉಳಿದ ಎರಡು ಮೂಲೆಗಳನ್ನು ಮುಗಿಸಿದಳು. ಕಾಫಿ ಇಡುತ್ತೇನೆ ಎಂದು ಎದ್ದು ಒಳಗೆ ಹೋದಳು. ಸತ್ತ ತಾಯಿಯ ಮಾತನ್ನು ಹೊರಗಿನವನ ಮಾತಿಗಾಗಿ ಬಿಟ್ಟುಕೊಡುವುದು ಎಷ್ಟು ಕಷ್ಟವೆಂದು ನನಗೆ ತಿಳಿಯದೆ ಇಲ್ಲ. ನಾನೂ ಅವಳ ಜಾಗದಲ್ಲಿದ್ದರೆ ಕಾಫಿಗೇ ಎದ್ದುಹೋಗುತ್ತಿದ್ದೆ.

ಯಜಮಾನಿ ಹುಣಸೆಯ ಕೈಯನ್ನು ಎರಡು ಸಲ ತೊಳೆದು ಬಂದು, ಓಲೆಗಳ ಕಟ್ಟಿನ ಮುಂದೆ ಕುಳಿತಳು. ಯಾರನ್ನೂ ಕೇಳಲಿಲ್ಲ. ಮೊದಲ ಓಲೆಗೆ ಅರಿಶಿನ ಹೆಚ್ಚಾಗಿ ಹೆಸರಿನ ಮೇಲೆಲ್ಲ ಹರಡಿತು. ಎರಡನೆಯದು ಸರಿಯಾಯಿತು. ನಾಲ್ಕೈದು ಮುಗಿಸಿದ ಮೇಲೆ ನನ್ನ ಕಡೆ ನೋಡಿ, ಕ್ಷಮಿಸಿದೆ ಎಂದಾಳೆಂದು ನಾನು ಕಾಯುತ್ತಿದ್ದಾಗ, ಬೇರೆಯದನ್ನೇ ಹೇಳಿದಳು.

"ಮದ್ವೆಗ್ ಬಾ. ಅತ್ತೆ ಕಡೇರೆಲ್ಲ ಬತ್ತಾರೆ, ತೆರಕಣಾಂಬಿಯೋರು, ಬೇಗೂರೋರು. ಅವ್ರಿಗೂ ಒಂದೊಂದ್ ಸಲ ಯೋಳ್ಬೇಕು ನೀನು."

ಫಾದರ್ ಪ್ಯಾರಾವನ್ನು ತೆಗೆದರು. ಸಂಚಿಕೆಯಲ್ಲಿ ನಾನು ಈಗ ಒಂದು ಪುಟಕ್ಕೂ ಕಡಿಮೆ; ಹೇಸರಗತ್ತೆ ಮಾತ್ರ ಉಳಿದಿದೆ. ಉಪಾಧ್ಯಾಯರಿಗೆ ಬೇಸರ, ಫೋಟೋ ಬಾರದ್ದಕ್ಕೆ ಗಂಡನಿಗೆ ಅದಕ್ಕಿಂತ ಹೆಚ್ಚಿನ ಬೇಸರ. ಈಗಲೂ ಆತ ಕಾಫಿ ಹೋಟೆಲಿನಲ್ಲಿ ತಾನು ಸತ್ತು ಬಂದದ್ದೇ ನಿಜ, ಟಪಾಲಿನವನಿಗೆ ವಯಸ್ಸಾಗಿ ಅರಳುಮರಳು ಎಂದು ಹೇಳುತ್ತಾನಂತೆ. ಅದೂ ಒಂದು ಕಥೆಯಾಗಿ ಬೆಳೆಯಬಹುದು.

ಮದುವೆ ಗುಂಡ್ಲುಪೇಟೆಯ ಒಂದು ಛತ್ರದಲ್ಲಿ ನಡೆಯಿತು. ನನ್ನ ಮಗಳು ಬೆಳಗ್ಗೆಯೇ ನನ್ನನ್ನು ಅಲ್ಲಿ ಬಿಟ್ಟು ಹೋದಳು. ಧಾರೆ ಮುಗಿಯುವವರೆಗೆ ಯಜಮಾನಿ ನನ್ನ ಕಡೆ ನೋಡಲಿಲ್ಲ. ಅಕ್ಷತೆಯ ತಟ್ಟೆ ಹಿಡಿದು ಜನರ ನಡುವೆ ಓಡಾಡುತ್ತಿದ್ದಳು. ಆಮೇಲೆ ಶುರುವಾಯಿತು. ತೆರಕಣಾಂಬಿಯ ಮುದುಕಿಯರಿಬ್ಬರನ್ನು ಕೈಹಿಡಿದು ನನ್ನ ಕುರ್ಚಿಯ ಬಳಿಗೆ ಕರೆತಂದು ಕೂರಿಸಿ, ಯೋಳು ಎಂದಳು. ಹೇಳಿದೆ. ಅವರು ಎದ್ದರೆ ಬೇಗೂರಿನವರು. ಅವರಾದ ಮೇಲೆ ಕಿವಿ ಮಂದವಾದ ಒಬ್ಬ ಸೋದರಮಾವ. ಆತನಿಗೆ ಕೂಗಿ ಹೇಳಬೇಕಾಯಿತು, ಅಕ್ಕಪಕ್ಕದವರೂ ಕೇಳಿಸಿಕೊಂಡರು. ಎಲ್ಲಿಯಾದರೂ ನಾನು ಬಸ್ಸಿನ ಅವಸರವನ್ನೋ ಗೂಡಿನ ನೀರನ್ನೋ ಹೆಚ್ಚು ಬಣ್ಣಿಸಿದರೆ ಆಕೆ ನಡುವೆ ತಡೆದು, ಸೋಮವಾರದ್ದನ್ನು ಹೇಳು ಎನ್ನುತ್ತಿದ್ದಳು. ಸೋಮವಾರದ್ದನ್ನು ಹೇಳುತ್ತಿದ್ದೆ. ಆರು ಸಲವಾಯಿತೋ ಏಳೋ, ಲೆಕ್ಕ ತಪ್ಪಿತು. ನಾನು ಊಟಕ್ಕೆ ಕುಳಿತದ್ದು ಕೊನೆಯ ಪಂಕ್ತಿಯಲ್ಲಿ. ಪಾಯಸ ಮುಗಿದಿತ್ತು. ಆಕೆ ತಾನೇ ಬಂದು ಎಲೆಗೆ ಎರಡನೆಯ ಸಲ ಅನ್ನ ಬಡಿಸಿ, ಮೈಸೂರಿನವರು ಇನ್ನೂ ಹೊರಟಿಲ್ಲ, ಉಂಡಾದ ಮೇಲೆ ಎದ್ದುಹೋಗಬೇಡ ಎಂದಳು.